ಗಾಳದ ಮುಳ್ಳು

ಈಗಲೂ ಗಾಳ ಬೀಸುವ ಮುಂಚೆ ಮೂರು ಸಲ ಹಿಂದೆ ತಿರುಗಿ ನೋಡುತ್ತೇನೆ. ಯಾರೂ ಇಲ್ಲವೆಂದು ಗೊತ್ತಿದ್ದರೂ ನೋಡುತ್ತೇನೆ. ಆ ಮಧ್ಯಾಹ್ನದ ಹೆದರಿಕೆ ಇನ್ನೂ ಬಿಟ್ಟಿಲ್ಲ.

ಈ ಹುಚ್ಚು ಹತ್ತಿದ್ದು ಹಿಮಾಚಲದ ಪ್ರವಾಸದಲ್ಲಿ. ಬೆಟ್ಟದ ಹೊಳೆಯಲ್ಲಿ ಒಬ್ಬ ಮುದುಕ ಟ್ರೌಟ್ ಮೀನು ಹಿಡಿಯುತ್ತಿದ್ದ. ಅವನ ಗಾಳದಲ್ಲಿ ಎರೆಹುಳು ಇರಲಿಲ್ಲ. ಕೂದಲು, ದಾರ ಸುತ್ತಿದ ಹುಸಿ ನೊಣವಿತ್ತು. ಉದ್ದನೆಯ ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಿ ಆಮೇಲೆ ಮುಂದಕ್ಕೆ ಎಸೆದರೆ ಆ ನೊಣ ನೀರಿನ ಮೇಲೆ ಮೆಲ್ಲಗೆ ಕೂರುತ್ತಿತ್ತು. ನನಗೂ ಕಲಿಸಿದ. ಕೊಕ್ಕೆಯ ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಚಿಕ್ಕ ಮುಳ್ಳೊಂದಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಾಯಿ ಹರಿಯದಂತೆ ಮೀನನ್ನು ಬಿಡಿಸಬಹುದು ಎಂದೂ ತೋರಿಸಿದ.

ಬಬಲೇಶ್ವರಕ್ಕೆ ಮರಳಿದ ಮೇಲೆ ನೊಣ ಕಟ್ಟುವ ಕೆಲಸ ನನ್ನ ಹೆಂಡತಿಯದಾಯಿತು. ಅವಳು ಮನೆಯಲ್ಲೇ ಊರ ಹೆಂಗಸರಿಗೆ ಜಂಪರ್ ಹೊಲಿಯುವವಳು. ಬಿಜ್ಜರಗಿಯ ತವರಿನಿಂದ ಆಡಿನ ಕೂದಲು ತಂದು, ಕೆಂಪು ದಾರ ಸುತ್ತಿ ಸೊಗಸಾಗಿ ಕಟ್ಟುತ್ತಿದ್ದಳು. ಮುಳ್ಳು ಒತ್ತುವುದು ಮಾತ್ರ ಬೇಡವೆಂದೆ.

“ಒತ್ತಿದ್ರ ಮೀನ ಕಳಚಿಕೊಂಡು ಹೋಗ್ತಾವ.”

“ತಿನ್ನೂದಂತೂ ಇಲ್ಲ, ತಿರುಗಿ ನೀರಾಗ ಬಿಡ್ತೀರಿ. ಮತ್ತ ಅವಕ್ಕ ಬ್ಯಾನಿ ಯಾಕ್ರಿ?”

“ಹೇಳಿದಷ್ಟು ಮಾಡು.”

ಆದರೂ ನಮ್ಮೂರ ಕೆರೆಯಲ್ಲಿ ಗಾಳ ಕಚ್ಚಿದ ಮೀನುಗಳು ದಡದ ತನಕ ಬಂದು ಜಾರಿಕೊಳ್ಳುತ್ತಿದ್ದವು. ನನ್ನ ಕೈ ಸರಿಯಿಲ್ಲವೆಂದು ನಾನು ಒಪ್ಪುತ್ತೇನೆಯೇ? ಜೊತೆಗೆ ಬಂದು ನಿಲ್ಲುವ ಅವಳ ನೆರಳಿಗೇ ಮೀನು ಬೆದರುತ್ತವೆ ಎಂದು ತೀರ್ಮಾನಿಸಿದೆ. ಆ ಮಧ್ಯಾಹ್ನವೂ ರೇಗಿದೆ.

“ನೆಳ್ಳ ನೀರಾಗ ಬೀಳಾಕತ್ತೈತಿ. ನನ್ನ ಹಿಂದ ನಿಂದ್ರು.”

ನಿಂತಳು. ಹಿಂದಕ್ಕೆ ಬೀಸಿದ ದಾರ ಮುಂದೆ ಬರಲಿಲ್ಲ. ಎಂದಿನಂತೆ ಜಾಲಿಗಿಡಕ್ಕೆ ಸಿಕ್ಕಿತೆಂದು ಒಮ್ಮೆ ಜಗ್ಗಿದೆ.

“ಜಗ್ಗಬ್ಯಾಡ್ರಿ! ಕಣ್ಣಿಗೆ ಸಿಕ್ಕೈತ್ರಿ!”

ತಿರುಗಿದರೆ, ಅವಳ ಬಲಗಣ್ಣಿನ ರೆಪ್ಪೆಯ ಮೇಲೆ ಕೆಂಪು ನೊಣ ಕೂತಿತ್ತು. ಕೆಳಗೆ ರಕ್ತ. ಕೊಕ್ಕೆ ರೆಪ್ಪೆಯನ್ನಷ್ಟೇ ಹಿಡಿದಿದೆಯೋ, ಕಣ್ಣುಗುಡ್ಡೆಗೂ ಇಳಿದಿದೆಯೋ ತಿಳಿಯದು. ಅವಳೇ ಸೊಂಟದ ಚೀಲದಿಂದ ಕತ್ತರಿ ತೆಗೆದು ಕೊಟ್ಟಳು. ನಾನು ದಾರ ಕತ್ತರಿಸುವಷ್ಟರಲ್ಲಿ ಎರಡು ಸಲ ಕತ್ತರಿ ಕೈಜಾರಿತು.

ನಾವು ಬಂದಿದ್ದ ಬೈಕನ್ನು ಕೆರೆಯ ದಡದಲ್ಲೇ ಬಿಟ್ಟು, ವಿಜಯಪುರಕ್ಕೆ ಹೊರಟಿದ್ದ ಜೀಪು ಹತ್ತಿದೆವು. ಒಳಗಿದ್ದ ಮುದುಕಿಯೊಬ್ಬಳು ಅವಳಿಗೆ ಜಾಗ ಮಾಡಿಕೊಟ್ಟು ನನ್ನತ್ತ ನೋಡಿದಳು.

“ಯಪ್ಪಾ, ನೀನೂ ಕುಂದ್ರು. ನಿನ್ನ ಕಾಲ ನಡಗಾಕತ್ತಾವ.”

ರಸ್ತೆಯ ಪ್ರತಿ ಕುಣಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮುಳ್ಳು ಒತ್ತಬೇಡವೆಂದವನು ನಾನು. ಆ ಮುಳ್ಳು ಹೊರಗೆ ಬರುವಾಗ ಕಣ್ಣನ್ನೂ ಹರಿದುಕೊಂಡು ಬಂದರೆ? ಸೂಜಿಯ ಕಣ್ಣನ್ನೇ ನಂಬಿ ಬದುಕಿದವಳಿಗೆ ನಾನು ಯಾವ ಮುಖ ತೋರಿಸಲಿ? ಅವಳು ನನ್ನ ಅಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳೂ ಹೆದರಿದ್ದಾಳೆಂದು ಆಗ ತಿಳಿಯಿತು.

ಕಣ್ಣಿನ ದವಾಖಾನೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ನಾನು ಬಾಗಿಲ ಹೊರಗೆ ಗೋಡೆ ಹಿಡಿದು ನಿಂತೆ. ಕೂರಲಿಕ್ಕೂ ಭಯ. ಆದರೆ ಡಾಕ್ಟರು ಬೇಗನೆ ಹೊರಬಂದರು. ಬಟ್ಟಲಲ್ಲಿ ಕೆಂಪು ನೊಣ.

“ಗುಡ್ಡೆಗೆ ತಾಗಿಲ್ರಿ, ಕಣ್ಣ ಉಳದೈತಿ. ಸಲೀಸ ಬಂತು. ಮುಳ್ಳ ಒತ್ಯಾರ ನೋಡ್ರಿ. ಇಲ್ಲಂದ್ರ ರೆಪ್ಪಿ ಕೊಯ್ಯಬೇಕಾಗ್ತಿತ್ತು.”

ಒಳಗೆ ಹೋದೆ. ಪಟ್ಟಿ ಕಟ್ಟಿದ ಮುಖವನ್ನು ಆಚೆ ತಿರುಗಿಸಿ ಹೇಳಿದಳು:

“ಸಿಟ್ಟಾಗಬ್ಯಾಡ್ರಿ. ಮೊದಲಿಂದನೂ ಎಲ್ಲಾ ಮುಳ್ಳ ಒತ್ತೇನಿ.”

ದಡದ ತನಕ ಬಂದು ಜಾರಿದ ಮೀನುಗಳೆಲ್ಲ ಒಮ್ಮೆಗೇ ನೆನಪಾದವು. ನಾನು ಅಲ್ಲೇ, ನರ್ಸಿನ ಎದುರಿಗೇ, ಅತ್ತುಬಿಟ್ಟೆ.

ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ಎಡಗಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿದಳು. ದಾರ ಒಂದೇ ಸಲಕ್ಕೆ ಒಳಹೋಯಿತು. ಆಮೇಲೆ ಹೊಸ ಕೊಕ್ಕೆಯೊಂದಕ್ಕೆ ಆಡಿನ ಕೂದಲು ಸುತ್ತಿ, ಇಕ್ಕಳದ ಜೊತೆ ನನ್ನ ಮುಂದಿಟ್ಟಳು.

“ಇನ್ನ ಮ್ಯಾಲ ನೀವಽ ಒತ್ರಿ.”

ಒತ್ತಿದೆ. ಬೆರಳಿಂದ ಸವರಿ ನೋಡಿದೆ. ಭಯವಾಗಿ ಮತ್ತೊಮ್ಮೆ ಒತ್ತಿದೆ.