ಬಾಗುವ ಕೀಲಿಗೆ ಬಡಿದ ಉಕ್ಕಿನ ಪಟ್ಟಿ

ನನ್ನ ಭಾವಮೈದನ ಜೊತೆ ನಾನು ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು ಎಂದು ನೆಂಟರೆಲ್ಲ ಅವನ ಪರವಾಗಿ ವಕಾಲತ್ತು ವಹಿಸುತ್ತಾರೆ. ಇರಬಹುದು. ಕೇಳಿ ಮಾಡಬೇಕಿತ್ತು.

ನನ್ನ ಹೆಂಡತಿಗೆ ಲಕ್ವ ಹೊಡೆದಾಗ ಜೀವ ಉಳಿಯಿತು, ಮಾತೂ ಉಳಿಯಿತು. ಎಡ ಪಾದ ಮಾತ್ರ ಸೋತುಹೋಯಿತು. ಹೆಜ್ಜೆ ಎತ್ತಿದರೆ ಮುಂಗಾಲು ಜೋತುಬಿದ್ದು ನೆಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಶಿವಮೊಗ್ಗದಲ್ಲೇ ಒಬ್ಬರು ಅವಳ ಕಾಲಿನ ಅಚ್ಚು ತೆಗೆದು ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಮಾಡಿಕೊಟ್ಟರು. ಮೀನಖಂಡಕ್ಕೊಂದು ತುಂಡು, ಪಾದಕ್ಕೊಂದು ತುಂಡು. ಎರಡನ್ನೂ ಕಾಲ ಹರಡಿನ ಆಚೀಚೆ ಹಿಡಿದಿರುವುದು ಹೆಬ್ಬೆರಳಿನಷ್ಟೇ ಇರುವ ಎರಡು ಮೆತ್ತನೆಯ ಕೀಲುಗಳು. ಬಾಗಿಲಿನ ಬಿಜಾಗರಿಗೆ ಇರುವಂತೆ ಅದಕ್ಕೆ ಮೊಳೆಯಿಲ್ಲ, ಎಣ್ಣೆ ಬೇಡ, ಕಿರುಗುಟ್ಟುವುದೂ ಇಲ್ಲ. ಅಚ್ಚಿನಲ್ಲಿ ಹುಯ್ಯುವಾಗಲೇ ಅದನ್ನು ಸ್ವಲ್ಪ ಬಾಗಿಸಿ ಹುಯ್ದಿರುತ್ತಾರೆ. ಹಾಗಾಗಿ ಕಾಲು ಎತ್ತಿದಾಗ ಮುಂಗಾಲನ್ನು ತಾನೇ ಮೇಲಕ್ಕೆತ್ತುತ್ತದೆ, ಊರಿದಾಗ ಪಾದದ ಜೊತೆ ಬಾಗುತ್ತದೆ. ಸೋತ ನರದ ಕೆಲಸವನ್ನು ಅಷ್ಟು ಚಿಕ್ಕ ಪ್ಲಾಸ್ಟಿಕ್ ಮಾಡುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಮೊದಲು ಅವಳ ಕಾಲು, ಆಮೇಲೆ ಪೇಪರು. ಕಾಲುಚೀಲ ಸುಕ್ಕಿಲ್ಲದಂತೆ ಎಳೆಯಬೇಕು, ಹಿಮ್ಮಡಿ ಒಳಗೆ ಪೂರ್ತಿ ಕೂರಬೇಕು, ಪಟ್ಟಿ ಬಿಗಿಯಬೇಕು, ಮೇಲೆ ಬೂಟು. ಒಂದು ದಿನವೂ ತಪ್ಪಿಸಲಿಲ್ಲ. ಅವಳಿಗೆ ಇದ್ದದ್ದು ಒಂದೇ ಹಟ. ಅಡುಗೆಮನೆಯಿಂದ ಹಜಾರದವರೆಗೆ ಕಾಫಿಲೋಟವನ್ನು ತಾನೇ ತರಬೇಕು, ಕೋಲಿಲ್ಲದೆ, ಗೋಡೆ ಹಿಡಿಯದೆ. "ಎಷ್ಟು ದಿನ ನಿಮ್ಮ ಕೈಯ ಕಲಗಚ್ಚು ಕುಡೀಲಿ ನಾನು" ಅನ್ನುತ್ತಿದ್ದಳು. ಕೊನೆಗೊಂದು ಬೆಳಗ್ಗೆ ತಂದಳು. ಅರ್ಧ ಕಾಫಿ ನೆಲದ ಮೇಲೆ, ಅರ್ಧ ಲೋಟದಲ್ಲಿ. ಆಮೇಲಾಮೇಲೆ ನೆಲಕ್ಕೆ ಬೀಳುವುದು ನಿಂತಿತು.

ಅದಾದ ಮೇಲೆಯೇ ನಾವು ಭದ್ರಾವತಿಗೆ, ಅವಳ ತಮ್ಮನ ಮನೆಗೆ ಹೋದದ್ದು. ಅವನು ಜೀವಮಾನವೆಲ್ಲ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅವನ ಬೀದಿಯಲ್ಲಿ ಗೇಟು, ಮಂಚ, ತುಳಸಿಕಟ್ಟೆಯ ಬೇಲಿ, ಎಲ್ಲವೂ ಕಬ್ಬಿಣ. ಅಲ್ಲಿ ಅಲ್ಲಾಡಿದ್ದೆಲ್ಲ ಕೆಟ್ಟದ್ದು, ಬಿಗಿಯಾದದ್ದೆಲ್ಲ ಒಳ್ಳೆಯದು. ಊಟವಾದ ಮೇಲೆ ಹೆಂಡತಿ ಸ್ಪ್ಲಿಂಟ್ ಬಿಚ್ಚಿಟ್ಟು ಮಲಗಿದಳು. ನಾನು ಕಾಗದನಗರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿ ಬರಲು ಹೋದೆ.

ಸಂಜೆ ನಾನು ಗೇಟಿನ ಹತ್ತಿರ ಬರುವಾಗ ಅವಳು ಜಗುಲಿಯಿಂದ ಇಳಿಯುತ್ತಿದ್ದಳು. ಬೈಕು ಹತ್ತಿಸಲು ಸಿಮೆಂಟಿನಲ್ಲಿ ಮಾಡಿದ ಇಳಿಜಾರು ಅದು. ನನ್ನನ್ನು ನೋಡಿ ನಕ್ಕಳು. ಹಿಂದೆ ತಮ್ಮ ನಿಂತಿದ್ದ, ಬಹುಮಾನ ಬಂದವನ ಹಾಗೆ. ಅವಳ ಸೀರೆಯ ಅಂಚಿನ ಕೆಳಗೆ ಏನೋ ಹೊಳೆಯಿತು. ಎರಡು ಕೀಲುಗಳ ಮೇಲೂ ಉಕ್ಕಿನ ಪಟ್ಟಿಗಳು, ನಟ್ಟು ಬೋಲ್ಟು ಹಾಕಿ ಬಿಗಿದದ್ದು.

ನಿಲ್ಲು ಎನ್ನುವಷ್ಟರಲ್ಲಿ ಹಿಮ್ಮಡಿ ಇಳಿಜಾರಿಗೆ ಊರಿತು. ಪಾದ ಬಾಗಬೇಕಿತ್ತು, ಬಾಗಲಿಲ್ಲ. ಮೊಣಕಾಲು ಮುಂದಕ್ಕೆ ನುಗ್ಗಿತು, ಅವಳು ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಬೋಲ್ಟಿಗಾಗಿ ಕೊರೆದ ತೂತಿನಿಂದ ಸ್ಪ್ಲಿಂಟ್ ಉದ್ದಕ್ಕೆ ಸೀಳಿತ್ತು. ಕೀಲುಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದು ಅವನ ಜಗುಲಿಯಲ್ಲಿ ಕೂತಾಗಲೂ ಅವನಿಗೆ ಅರ್ಥವಾಗಿರಲಿಲ್ಲ.

"ಭಾವ, ಆ ಕೀಲು ಆಡ್ತಿತ್ತು. ಕೈಯಲ್ಲಿ ಹಿಡಿದ್ರೆ ರಬ್ಬರ್ ಥರ. ಅಕ್ಕನ ತೂಕ ತಡೀಬೇಕಲ್ಲ? ಪಟ್ಟಿ ಹಾಕಿದ್ಮೇಲೆ ಆನೆ ನಿಂತ್ರೂ ಏನೂ ಆಗ್ತಿರ್ಲಿಲ್ಲ."

"ಗಾಜನೂರಿನ ಆಚೆ ಆನೆ ಬಿಡಾರ ಇದೆಯಲ್ಲ ಮಾರಾಯ, ನಿನ್ನ ಪಟ್ಟೀನ ಅಲ್ಲಿಗೆ ಕೊಟ್ಟು ಬಾ. ಇದು ನಿನ್ನ ಅಕ್ಕನ ಕಾಲು."

"ಬಿಡ್ರೀ, ಅವನಿಗೇನು ಗೊತ್ತಿತ್ತು" ಎಂದಳು ಹೆಂಡತಿ.

"ನಿಂಗೆ ಗೊತ್ತಿರ್ಲಿಲ್ವಾ? ಹಾಕ್ಕೊಂಡಾಗ ಗೊತ್ತಾಗ್ಲಿಲ್ವಾ?"

ಅವಳು ತಮ್ಮನ ಕಡೆ ನೋಡಿದಳು. "ಮಧ್ಯಾಹ್ನ ಪೂರ್ತಿ ಕೂತು ಮಾಡಿದ್ದಾನೆ. ಬೇಡ ಅಂತ ಹೆಂಗೆ ಹೇಳ್ಲಿ."

ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಬಾಗುವುದನ್ನು ದುರ್ಬಲ ಎನ್ನುವುದು ಕಾರ್ಖಾನೆಯ ಅಭ್ಯಾಸ, ಹೋಗಲಿ. ಒಬ್ಬರು ದುಡಿದು ಕೊಟ್ಟದ್ದನ್ನು ಬೇಡ ಎನ್ನಬಾರದು ಎಂಬ ಇನ್ನೊಂದು ಅಭ್ಯಾಸ ಇದೆಯಲ್ಲ, ಅದು ಅದಕ್ಕಿಂತ ಕೆಟ್ಟದ್ದು. ಅವನು ಕೇಳದೆ ಮಾಡಿದ, ಇವಳು ಹೇಳದೆ ತೊಟ್ಟಳು. ಇಬ್ಬರೂ ಪ್ರೀತಿಯಿಂದಲೇ.

ಮುಂದಿನ ದಿನಗಳೆಲ್ಲ ಅವಳಿಗೆ ಕುರ್ಚಿಯಲ್ಲೇ ಕಳೆದವು. ಕೈ ಕಟ್ಟಿದೆ, ಕೋಲು ಹಿಡಿಯುವ ಹಾಗಿಲ್ಲ, ಕಾಲಿಗೆ ಸ್ಪ್ಲಿಂಟ್ ಇಲ್ಲ. ಮತ್ತೆ ಅಚ್ಚು ತೆಗೆಸಿ ಕಾಯ್ದೆವು. ನಾನೇ ಕಾಫಿ ಮಾಡಿದೆ. ಅವಳು ಅದನ್ನು ಕಲಗಚ್ಚು ಅನ್ನುವುದನ್ನೂ ಬಿಟ್ಟಿದ್ದಳು, ಸುಮ್ಮನೆ ಕುಡಿಯುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ನಾನು ಯಾರಿಗೂ ಮಾಫಿ ಮಾಡಲಾರೆ.

ಹೊಸ ಸ್ಪ್ಲಿಂಟ್ ಬಂತು, ಕೈಯೂ ಕೂಡಿತು. ಬೆಳಗಿನ ಅಭ್ಯಾಸ ಮತ್ತೆ ಮೊದಲಿನಿಂದ. ಅವಳು ಲೋಟ ಹಿಡಿದು ಹಜಾರಕ್ಕೆ ಬರುವ ಮಟ್ಟಕ್ಕೆ ಬಂದ ಮೇಲೆ ಒಂದು ಭಾನುವಾರ ಭಾವಮೈದ ಬಂದ. ಅವಳೇ ಕಾಫಿ ತಂದುಕೊಟ್ಟಳು. ಅವನ ಕಣ್ಣು ಲೋಟದ ಮೇಲಿರಲಿಲ್ಲ, ಹರಡಿನ ಮೇಲಿತ್ತು.

"ಅಕ್ಕ, ಇದೂ ಆಡ್ತಾನೇ ಇದೆ. ಒಂದ್ಸಲ ಬಿಚ್ಚಿಕೊಡು, ಬರೀ ನೋಡ್ತೀನಿ."

ನಾನು ಎದ್ದು ನಿಂತೆ. ಆದರೆ ಮಾತಾಡಿದ್ದು ಅವಳು.

"ಬೇಡ ಕಣೋ. ಕೊಡಲ್ಲ. ಅಲ್ಲೇ ಕೂತು ನೋಡು."

ಹೇಳಿದವಳು ತಿರುಗಿ ಅಡುಗೆಮನೆಗೆ ನಡೆದಳು. ಮುಂಗಾಲು ಎದ್ದಿತು, ಹಿಮ್ಮಡಿ ಊರಿತು, ಕೀಲು ಬಾಗಿತು. ಅವನು ನೋಡುತ್ತಲೇ ಕೂತ. ಅವನ ಕಾಫಿ ಆರಿಹೋಯಿತು. ಬಿಸಿ ಮಾಡಿಕೊಡಲೇ ಎಂದು ನಾನು ಕೇಳಲಿಲ್ಲ.