ಕಬ್ಬಿಗೆ ಮೊದಲು ಬಾಯಿಟ್ಟ ಬ್ಯಾಟರಿ

ನಮ್ಮ ಮನೆಯವರು ಹೋಟೆಲಿನಲ್ಲಿ ಕೂತು ಇಂಥದ್ದು ಬೇಕು ಎಂದು ಕೇಳಿದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಸಪ್ಲೈಯರ್ ಬಂದು ಇಡ್ಲಿ, ವಡೆ, ಪೊಂಗಲ್ ಎಂದು ಪಾಠ ಒಪ್ಪಿಸಿದರೂ ಸುಮ್ಮನೆ ನಗುತ್ತ ಕೂತಿರುತ್ತಿದ್ದರು. ಕೊನೆಗೆ ಪಕ್ಕದ ಮೇಜಿನವರ ತಟ್ಟೆಯೊಂದು ದಾರಿ ತಪ್ಪಿ ಇವರ ಮುಂದೆ ಬಂದರೆ, "ನೋಡು, ಅದೇ ಬಂತಲ್ಲ" ಎಂದು ಕೈ ಹಾಕಿಬಿಡುವರು. ಬೋಡಿಯ ಹೋಟೆಲೊಂದರಲ್ಲಿ ಹೀಗೇ ಯಾರದೋ ಈರುಳ್ಳಿ ಊತಪ್ಪ ತಿಂದುಬಿಟ್ಟರು. ಅದರ ಒಡೆಯ ಎದುರು ಬಂದು ನಿಂತಾಗ ಕೈಮುಗಿದು ಸಮಾಧಾನ ಹೇಳಿದವಳು ನಾನು. ಇವರು ಚಟ್ನಿ ಬಳಿಯುತ್ತಿದ್ದರು.

ಈ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ತಮಿಳು ಸೀಮೆಯ ಕಂಬಂ ಕಣಿವೆಗೆ ಬಂದು ನೆಲೆನಿಂತ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬರುವಾಗ ಹಿಂದೆ ಬಂದ ದನಗಳ ಸಂತತಿ ಎಂದು ನಾವು ನಂಬುವ ದೇವರ ಮಂದೆಯೊಂದು ಇಂದಿಗೂ ಕಂಬಂನಲ್ಲಿದೆ. ಅದರ ಪಟ್ಟದ ಹೋರಿ ಸತ್ತರೆ ಮುಂದಿನದನ್ನು ಮನುಷ್ಯರು ಆಯುವುದಿಲ್ಲ. ಪೂಜೆ ಮಾಡಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟು, ಕೈಕಟ್ಟಿ ಕಾಯುತ್ತಾರೆ. ಯಾವ ಹೋರಿ ತಾನಾಗಿ ಮುಂದೆ ಬಂದು ಮೊದಲು ಕಬ್ಬಿಗೆ ಬಾಯಿಡುತ್ತದೋ ಅದಕ್ಕೇ ಪಟ್ಟ. ದೇವರ ಹೋರಿಗೆ ಇದು ಸರಿ. ನಮ್ಮ ಮನೆಯ ವೀರಣ್ಣನವರು ಮಾತ್ರ ಹಲ್ಲುಪುಡಿಯಿಂದ ಹಿಡಿದು ಎಲ್ಲದಕ್ಕೂ ಇದೇ ಶಾಸ್ತ್ರ ಹಚ್ಚಿಕೊಂಡು ಕೂತಿದ್ದರು.

ನಾನು ಅವಸರಪಟ್ಟಾಗಲೆಲ್ಲ ಅವರ ಬಾಯಲ್ಲಿ ಒಂದೇ ಮಾತು: "ಪೊರು ಪುಳ್ಳ, ಪೊರು." ತಾಳು ಹುಡುಗಿ, ತಾಳು ಎಂದು. ಎರಡು ಮಕ್ಕಳ ತಾಯಿಯಾದ ಮೇಲೂ ನಾನು ಅವರಿಗೆ ಪುಳ್ಳಳೇ. ನಾನು ನಮ್ಮ ಕಡೆಯ ರೂಢಿಯಂತೆ ಅವರನ್ನು ಮಾಮ ಎನ್ನುತ್ತಿದ್ದೆ. ಮದುವೆಯಾದ ಹೊಸದರಲ್ಲಿ, "ನನ್ನ ಯಾಕೆ ಒಪ್ಪಿಕೊಂಡ್ರಿ ಮಾಮ?" ಎಂದು ಆಸೆಯಿಂದ ಕೇಳಿದ್ದೆ. "ನಾನೆಲ್ಲಿ ಒಪ್ಪಿಕೊಂಡೆ? ಹೆಣ್ಣು ನೋಡೋಕೆ ಅಂತ ಮೂರು ಮನೇಲಿ ಕೂತಿದ್ದೆ. ನೀನು ಬಂದೆ" ಎಂದರು. ಅವತ್ತೆಲ್ಲ ನಾನು ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಇಂಥವರು ಹಿಡಿದ ಕಸುಬಾದರೂ ಏನು? ಮದುವೆ ವೀಡಿಯೋ! ತೇವಾರಂ ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಸ್ಟುಡಿಯೋ. ತೆಗೆದದ್ದರಲ್ಲಿ ಯಾವುದು ಇರಬೇಕು, ಯಾವುದು ಬೇಡ ಎಂದು ಕತ್ತರಿಸುವುದೇ ಆ ಕಸುಬಿನ ಅರ್ಧ ಕೆಲಸ. ಇವರು ಏನನ್ನೂ ಕತ್ತರಿಸುತ್ತಿರಲಿಲ್ಲ. ಎಲೆ ತೊಳೆಯುವವರು, ಚಪ್ಪಲಿ ಹುಡುಕುವವರು, ಪಂದಲಿನ ಚಪ್ಪರದಡಿ ಮಲಗಿದ ನಾಯಿ, ಎಲ್ಲವೂ ಕ್ಯಾಸೆಟ್ಟಿನಲ್ಲಿ ಇರಬೇಕು. "ಕ್ಯಾಮೆರಾ ಮುಂದೆ ತಾನಾಗಿ ಬಂದವ್ರನ್ನ ಹೊರಗೆ ತಳ್ಳೋಕೆ ನಾವು ಯಾರು?" ಎನ್ನುವರು. ಜನ ಮದುವೆಗಿಂತ ಉದ್ದದ ಕ್ಯಾಸೆಟ್ಟು ನೋಡಿ ಸುಸ್ತಾದರು. ಅಷ್ಟರಲ್ಲಿ ನಮ್ಮ ಎದುರಿಗೇ ಹೊಸ ಸ್ಟುಡಿಯೋ ತೆರೆಯಿತು. ಅಲ್ಲಿ ವಧುವರರು ಹೃದಯದ ಆಕಾರದೊಳಗೆ ತಿರುಗುತ್ತಿದ್ದರು, ಗುಲಾಬಿ ದಳ ಸುರಿಯುತ್ತಿತ್ತು. ನಮ್ಮ ಆರ್ಡರುಗಳು ಒಂದೊಂದಾಗಿ ರಸ್ತೆ ದಾಟಿದವು. ಲೈಟ್ ಹಿಡಿಯುವವನನ್ನು ಬಿಡಿಸಿ ಆ ಕೆಲಸಕ್ಕೆ ನಾನೇ ನಿಂತೆ. "ಸ್ಟುಡಿಯೋ ಮುಚ್ಚಿ ಬನ್ನಿ ಭಾವ, ದ್ರಾಕ್ಷಿ ತೋಟದಲ್ಲಿ ಆಳು ನೋಡ್ಕೊಳ್ಳೋರು ಬೇಕು" ಎಂದು ನನ್ನ ತಮ್ಮ ಕರೆಯುತ್ತಲೇ ಇದ್ದ. ಕ್ಯಾಮೆರಾ ಹಿಡಿದಾಗ ಬಿಟ್ಟರೆ ಇವರ ಮುಖದಲ್ಲಿ ಬೆಳಕೇ ಇರುವುದಿಲ್ಲವೆಂದು ಬಲ್ಲ ನಾನು ಆ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಆ ಕಾಲದಲ್ಲೇ ನಮ್ಮ ಮನೆಗೆ ಕಾರು ಬಂದದ್ದು. ಆಟದ ಕಾರು, ಆದರೆ ಮಕ್ಕಳ ಆಟಿಕೆಯಲ್ಲ. ಕೊಡೈಕಾನಲ್ಲಿನ ಶಾಲೆಯೊಂದರ ವಾರ್ಷಿಕೋತ್ಸವ ತೆಗೆಯಲು ಹೋದಾಗ, ಊರಿಗೆ ಮರಳುತ್ತಿದ್ದ ವಿದೇಶಿ ಮೇಷ್ಟರೊಬ್ಬರು ತಮ್ಮ ಸಾಮಾನನ್ನೆಲ್ಲ ಹಂಚುತ್ತಿದ್ದರಂತೆ. ಯಾರೂ ಮುಟ್ಟದ ರಿಮೋಟ್ ಕಾರು ಇವರ ಕಾಲ ಹತ್ತಿರ ಬಂದು ಬಿತ್ತಂತೆ. ಮೊಳದುದ್ದದ ಕಾರು, ದಪ್ಪ ಚಕ್ರ, ಸ್ಪ್ರಿಂಗು, ಉದ್ದ ಆಂಟೆನಾದ ರಿಮೋಟು, ಎಲ್ಲ ಇತ್ತು. ಬ್ಯಾಟರಿ ಮಾತ್ರ ಇರಲಿಲ್ಲ. ಬ್ಯಾಟರಿ ತಂದು ಓಡಿಸಿ ಎಂದರೆ ಕೇಳಬೇಕಲ್ಲ? "ಅದಕ್ಕೆ ಬೇಕಾದ್ದು ಅದಾಗಿ ಬತ್ತದೆ" ಎಂದು ಶೋಕೇಸಿನಲ್ಲಿಟ್ಟರು. ವರ್ಷವಾದರೂ ಯಾವ ಬ್ಯಾಟರಿಯೂ ನಡೆದುಕೊಂಡು ಬರಲಿಲ್ಲ. ವಾರಕ್ಕೊಮ್ಮೆ ಧೂಳು ಒರೆಸುವ ಕೆಲಸ ಮಾತ್ರ ತಾನಾಗಿ ನನ್ನ ಪಾಲಿಗೆ ಬಂತು.

ಬಂದವರು ನಮ್ಮ ಕಣಿವೆಯದೇ ಗೂಡಲೂರಿನ ಏಲಕ್ಕಿ ವ್ಯಾಪಾರಿ ಕೆಂಚಯ್ಯನವರು. ನಮ್ಮವರೇ, ಮಗಳ ಮದುವೆ ನಿಶ್ಚಯವಾಗಿತ್ತು. ಎದುರು ಸ್ಟುಡಿಯೋದಲ್ಲಿ ಮಾತಾಡಿಕೊಂಡು ಬಂದವರು ನಮ್ಮ ಶೋಕೇಸಿನ ಮುಂದೆ ನಿಂತುಬಿಟ್ಟರು.

"ವೀರಣ್ಣಾ, ಇದು ಓಡ್ತದಾ?"

"ಓಡ್ತದೆ" ಎಂದು ಇವರ ಬದಲು ನಾನೇ ಹೇಳಿದೆ.

"ಹಂಗಾದ್ರೆ ಪಂದಲಿನ ಬಾಗಿಲಿಂದ ಮಣೆ ತನಕ ಈ ಕಾರೇ ಮಾಲೆ ತರ್ಬೇಕು. ಕಣಿವೇಲಿ ಯಾರೂ ಮಾಡಿರ್ಬಾರ್ದು. ಅದು ವೀಡಿಯೋದಲ್ಲಿ ಬಿದ್ರೆ, ನಮ್ಮ ಸೊಂದಕ್ಕಾರ್ರೆಲ್ಲ ನಿಮ್ಮ ಹತ್ರಾನೇ ಬತ್ತಾರೆ."

ಸೊಂದಕ್ಕಾರರೆಂದರೆ ನೆಂಟರು. ಕೆಂಚಯ್ಯನವರ ನೆಂಟರೆಂದರೆ ಗೂಡಲೂರಿನಿಂದ ದಿಂಡಿಗಲ್ಲಿನವರೆಗೆ ಹಬ್ಬಿದ ಬಳ್ಳಿ. ಆ ಒಂದು ಕ್ಯಾಸೆಟ್ಟು ಹತ್ತು ಮನೆ ಸುತ್ತಿದರೆ ಸ್ಟುಡಿಯೋ ಉಳಿಯಿತು. ಇಲ್ಲವಾದರೆ ದ್ರಾಕ್ಷಿ ತೋಟ. ಅವರು ಹೋದ ಕೂಡಲೇ ನಾನು ಇವರನ್ನು ದಿಂಡಿಗಲ್ಲಿನ ಬಸ್ಸಿಗೆ ಹತ್ತಿಸಿ, ಬ್ಯಾಟರಿಯ ಬದಲು ಬಾಳೆಹಣ್ಣು ತಂದಾರೆಂದು ನಾನೂ ಹತ್ತಿದೆ.

ದಿಂಡಿಗಲ್ಲಿನ ರೇಡಿಯೋ ಸಾಮಾನಿನ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಹಳೆಯ ಬಗೆಯ ನಿಕಲ್ ಬ್ಯಾಟರಿ ಕಟ್ಟು, ಇನ್ನೊಂದು ಹೊಸ ಬಗೆಯ ನಿಕಲ್ ಕಟ್ಟು. ಎರಡೂ ಇಟ್ಟಿಗೆಯಂತೆ ಭಾರ. ಇವರು ಎರಡನ್ನೂ ಎತ್ತಿ ಇಳಿಸಿ, ಕೊನೆಗೆ ಚೀಲದಿಂದ ನಮ್ಮ ಕ್ಯಾಮೆರಾದ ಬ್ಯಾಟರಿ ತೆಗೆದು ಪಕ್ಕದಲ್ಲಿಟ್ಟರು. ಲಿಥಿಯಂ ಬ್ಯಾಟರಿ, ಆಗ ಕಣಿವೆಗೆ ಹೊಸದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಹಗುರ. ಮೂರರ ಮೇಲೂ ವೋಲ್ಟ್ ಒಂದೇ ಬರೆದಿತ್ತು.

"ವೋಲ್ಟ್ ಒಂದೇ ಆದರೆ ಸಾಲದು ಅಣ್ಣಾ" ಎಂದು ಅಂಗಡಿಯವರು ತಮಿಳಿನಲ್ಲಿ ತಿಳಿಸಿ ಹೇಳಿದರು. "ಕ್ಯಾಮೆರಾ ಸಿಪ್ ಸಿಪ್ ಅಂತ ಕುಡಿಯುತ್ತೆ. ಕಾರಿನ ಮೋಟರು ಒಂದೇ ಗುಟುಕಿಗೆ ಎಳೆಯುತ್ತೆ. ಲಿಥಿಯಂ ಒಳಗೆ ಒಂದು ಕಾವಲಿದೆ. ಜಾಸ್ತಿ ಎಳೆದರೆ ಬಾಗಿಲು ಹಾಕಿಕೊಳ್ಳುತ್ತೆ, ಮತ್ತೆ ಚಾರ್ಜರಿಗೆ ಹಾಕುವವರೆಗೂ ತೆರೆಯೋದಿಲ್ಲ."

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ನನಗೇ ಅರ್ಥವಾಯಿತು. ಇವರು ಆಮಾ ಆಮಾ ಎಂದು ತಲೆಯಾಡಿಸಿ, ಬೇಡವಾದ್ದನ್ನು ಹಿಂದಿರುಗಿಸುವ ಮಾತಿನ ಮೇಲೆ ನಿಕಲ್ ಕಟ್ಟು ಎರಡನ್ನೂ ಹೊತ್ತು ತಂದರು. ದಾರಿಯುದ್ದಕ್ಕೂ ಕಂಡಕ್ಟರನಿಂದ ಹಿಡಿದು ಮಲ್ಲಿಗೆ ಮಾರುವವಳವರೆಗೆ ಸಿಕ್ಕವರಿಗೆಲ್ಲ ಬ್ಯಾಟರಿ ತೋರಿಸಿ ಅಭಿಪ್ರಾಯ ಕೇಳಿದರು. ಲಿಥಿಯಂ ಎಂಬ ಹೆಸರು ಕೇಳಿ ಎಲ್ಲರೂ ಅದನ್ನೇ ಹೊಗಳಿದರು.

ಮದುವೆಯ ಹಿಂದಿನ ದಿನ ನಾನು ಸ್ಟುಡಿಯೋಕ್ಕೆ ಊಟ ಒಯ್ದಾಗ ಕಂಡದ್ದನ್ನು ಏನೆಂದು ಹೇಳಲಿ! ಮೇಜು ಒರೆಸಿ, ಮೂರು ಬ್ಯಾಟರಿಗಳನ್ನೂ ಸಾಲಾಗಿ ಇಟ್ಟು, ಮೂರನ್ನೂ ಅವುಗಳ ಚಾರ್ಜರಿಗೆ ಒಟ್ಟಿಗೇ ಸಿಕ್ಕಿಸಿ, ಕೈಕಟ್ಟಿ ಕೂತಿದ್ದರು. ಯಾವುದು ಮೊದಲು ತುಂಬಿ ದೀಪ ತೋರಿಸುತ್ತದೋ ಅದೇ ಕಾರಿಗೆ. ಕರೆಂಟೇ ಕಬ್ಬು!

ನಾನು ಬುತ್ತಿ ಕೆಳಗಿಡುವಷ್ಟರಲ್ಲಿ ಕ್ಯಾಮೆರಾ ಬ್ಯಾಟರಿಯ ದೀಪ ಬದಲಾಯಿತು. ಇವರು ಎದ್ದು ನಿಂತು ಕೈಮುಗಿದರು.

"ಮಾಮ, ಅದು ಮೊದಲೇ ಅರ್ಧ ತುಂಬಿತ್ತು! ಚಿಕ್ಕ ಚೊಂಬು, ಅದ್ರಲ್ಲೂ ಅರ್ಧ ನೀರಿದ್ದ ಚೊಂಬು. ಅದು ಮೊದಲು ತುಂಬದೆ ಹಂಡೆ ತುಂಬ್ತದಾ? ಅಂಗಡಿಯೋರು ಏನಂದ್ರು?"

"ಅವ್ರು ಅಂದದ್ದು ಬ್ಯಾರೆ. ಬಂದದ್ದು ಇದು. ಪೊರು ಪುಳ್ಳ."

ತಂತಿ ಕಟ್ಟಿ ಅದನ್ನೇ ಕಾರಿಗೆ ಸಿಕ್ಕಿಸಿ, ನುಣುಪು ನೆಲದ ಮೇಲೆ ಬರೀ ಕಾರನ್ನು ಮೆಲ್ಲಗೆ ಓಡಿಸಿ ನೋಡಿದರು. ಓಡಿತು. ಬ್ಯಾಟರಿಗೆ ಒಂದು ಬೊಟ್ಟು ಕುಂಕುಮವನ್ನೂ ಇಟ್ಟರು. ಗೋಡೆಗೆ ತಲೆ ಚಚ್ಚಿಕೊಂಡರೆ ನೋಯುವುದು ನನ್ನ ತಲೆಯೇ ಎಂದುಕೊಂಡು ಬುತ್ತಿ ಬಿಚ್ಚಿದೆ. ಆದರೆ ಅವರು ಕೈ ತೊಳೆಯಲು ಹೋದಾಗ, ಚಾರ್ಜಾಗುತ್ತಿದ್ದ ಹೊಸ ನಿಕಲ್ ಕಟ್ಟನ್ನು ಮರುದಿನ ಮರೆಯಬಾರದೆಂದು ನನ್ನ ಚೀಲವನ್ನು ಅದರ ಪಕ್ಕಕ್ಕೇ ತಂದಿಟ್ಟೆ.

ಮದುವೆ ಕೆಂಚಯ್ಯನವರ ಮನೆಯ ಮುಂದೆ ತೆಂಗಿನ ಗರಿಯ ಪಂದಲಿನಲ್ಲಿ. ಬೆಳಗಾಗುವಷ್ಟರಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾಗಿತ್ತು. ಹಿಂದೊಮ್ಮೆ ಜನರೇಟರಿಗೆ ಸಿಕ್ಕಿಸಿ ಅಡಾಪ್ಟರ್ ಸುಟ್ಟುಕೊಂಡಿದ್ದ ನಮಗೆ ಬ್ಯಾಟರಿಯೇ ಗತಿ. ಕ್ಯಾಮೆರಾಕ್ಕೆ ಇದ್ದದ್ದು ಎರಡು. ಚೆನ್ನಾಗಿ ತುಂಬಿದ್ದು ಕಾರಿನೊಳಗೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಇನ್ನೊಂದು ವರಪೂಜೆಗೇ ಮುಕ್ಕಾಲು ಖರ್ಚಾಗಿತ್ತು. ರಿಮೋಟಿಗೆ ಎರಡು ಕೈ ಬೇಕಾದ್ದರಿಂದ ಕ್ಯಾಮೆರಾ ನನ್ನ ಹೆಗಲಿಗೆ ಬಂತು.

ನಾದಸ್ವರದವರು ಜೋರಾಗಿ ಊದಿದರು. ಹಿತ್ತಾಳೆ ತಟ್ಟೆಯಲ್ಲಿ ಎರಡು ದಪ್ಪ ಮಾಲೆ ಹೊತ್ತು ಕಾರು ಬಾಗಿಲಿಂದ ಹೊರಟಿತು. ಜನ ಎದ್ದು ನಿಂತರು. ಜಮಖಾನೆಯ ಅಂಚು ಹತ್ತುವಾಗ ಚಕ್ರ ತಿಣುಕಿತು, ಇವರು ರಿಮೋಟನ್ನು ಪೂರಾ ಒತ್ತಿದರು. ಕಾರು ಒಮ್ಮೆ ಮುಗ್ಗರಿಸಿ, ಪಂದಲಿನ ನಟ್ಟನಡುವೆ ನಿಂತುಬಿಟ್ಟಿತು. ಬ್ಯಾಟರಿ ಬಾಗಿಲು ಹಾಕಿಕೊಂಡಿತ್ತು.

"ವೀರಣ್ಣಾ, ಎತ್ತು ಕಟ್ಟೋದಾ?" ಎಂದು ಯಾರೋ ಕೂಗಿದರು. ಪಂದಲು ನಗುವಿನಿಂದ ಅಲುಗಿತು. ಕೆಂಚಯ್ಯನವರು ಮಾತ್ರ ನಗಲಿಲ್ಲ.

ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ನಾನು ಕಣ್ಣಿಟ್ಟಿದ್ದ ಕ್ಯಾಮೆರಾ ಕಿಂಡಿಯೊಳಗೆ ಪುಟ್ಟ ಬ್ಯಾಟರಿ ಗುರುತು ಖಾಲಿಯಾಗುತ್ತ ಮಿಣಮಿಣ ಎನ್ನುತ್ತಿತ್ತು. ಇವರು ನಡೆದು ಬಂದು ಕಾರಿನ ಮುಂದೆ ಮೊಣಕಾಲೂರಿದರು. ನಾನು ನನ್ನ ಹೆಗಲ ಚೀಲವನ್ನು ಅವರತ್ತ ಜಾರಿಸಿ, "ನಿಕಲ್ ಕಟ್ಟು ಅದ್ರಲ್ಲೈತೆ, ಹಾಕಿ ಓಡ್ಸಿ ಮಾಮ, ನಾನು ಹಿಡೀತೀನಿ" ಎಂದೆ. ಒಂದು ನಿಮಿಷದ ಕೆಲಸ. ಕಾರು ಮಣೆ ಮುಟ್ಟುವುದು ಕ್ಯಾಸೆಟ್ಟಿನಲ್ಲಿ ಬಿದ್ದರೆ ಸ್ಟುಡಿಯೋ ಉಳಿಯುತ್ತದೆ. ಅವರು ತಲೆಯೆತ್ತಿ ಮೊದಲು ಕ್ಯಾಮೆರಾದ ಪಕ್ಕದಲ್ಲಿ ಮಿಣುಕುತ್ತಿದ್ದ ಕೆಂಪು ದೀಪ ನೋಡಿದರು, ಆಮೇಲೆ ನನ್ನನ್ನು.

"ಕ್ಯಾಮೆರಾ ನಿಲ್ಸು ಪುಳ್ಳ. ಇರೋ ಚಾರ್ಜು ತಾಳಿಗೆ ಬೇಕು."

"ಕಾರು?"

"ಕಾರು ನಮ್ದು. ತಾಳಿ ಅವ್ರ್ದು. ನಿಲ್ಸು."

ಯಾರನ್ನೂ ಕೇಳಲಿಲ್ಲ. ಯಾವುದು ತಾನಾಗಿ ಬರುತ್ತದೆಂದು ಕಾಯಲೂ ಇಲ್ಲ. ಅಷ್ಟು ವರ್ಷದಲ್ಲಿ ಅಂಥ ದನಿ ನಾನು ಕೇಳಿರಲೇ ಇಲ್ಲ. ಕೈ ತಾನೇ ಗುಂಡಿ ಒತ್ತಿಬಿಟ್ಟಿತು.

ನಿಕಲ್ ಕಟ್ಟು ಹಾಕಿದ ಕಾರು ಕಡಿವಾಣ ಕಿತ್ತ ಕುದುರೆಯಂತೆ ಓಡಿತು. ಜಮಖಾನೆ ಹತ್ತಿ, ಹೂವಿನ ಕಂಬ ಸುತ್ತಿ, ಮಣೆಯ ಮುಂದೆ ಬಂದು ಮಾಲೆಯ ಸಮೇತ ನಿಂತಿತು. ಜನ ಶಿಳ್ಳೆ ಹೊಡೆದರು, ಮುದುಕಿಯರು ನಾಲಗೆ ಹೊರಳಿಸಿ ಕುಲವೆ ಹಾಕಿದರು. ಅದೊಂದೂ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ತಾಳಿ ಕಟ್ಟಿದ್ದು ಮಾತ್ರ ಕೊನೆಯ ಗಂಟಿನವರೆಗೂ ಇದೆ. ಅದಾದ ಮೇಲೆ ಕ್ಯಾಮೆರಾ ಕಣ್ಣು ಮುಚ್ಚಿತು.

ಕೆಂಚಯ್ಯನವರ ನೆಂಟರು ಕ್ಯಾಸೆಟ್ಟು ಹಾಕಿಸಿಕೊಂಡು ನೋಡಿದಾಗ ಕಂಡದ್ದು ನಡುವೆ ಕೆಟ್ಟು ನಿಂತ ಕಾರು. ಆ ತುಂಡನ್ನಾದರೂ ಕತ್ತರಿಸಿ ಎಂದು ನಾನು ಬೇಡಿಕೊಂಡಿದ್ದೆ. ಕತ್ತರಿಸಿದರೆ ತಾನೇ! ಯಾರೂ ಬರಲಿಲ್ಲ. ಮುಂದಿನ ಹಂಗಾಮಿಗೆ ಎದುರು ಸ್ಟುಡಿಯೋದವರು ತಾವೇ ಒಂದು ಕಾರು ತಂದರು. ನಾವು ಬಾಗಿಲು ಹಾಕಿ ದ್ರಾಕ್ಷಿ ತೋಟಕ್ಕೆ ಹೋದೆವು. ಅಲ್ಲೂ ಇವರು ಯಾವ ಗೊಂಚಲು ಕೊಯ್ಯಬೇಕೆಂದು ಆಳುಗಳಿಗೆ ಹೇಳಲಾರದೆ ನಿಲ್ಲುತ್ತಿದ್ದರು. ನಾನು ಬದುವಿನ ಮೇಲಿಂದ ಕೂಗುತ್ತಿದ್ದೆ. ನನ್ನ ಅರ್ಧ ಆಯುಷ್ಯ ಅವರ ಮೇಲೆ ಕೂಗುವುದರಲ್ಲೇ ಕಳೆಯಿತು.

ಹೋದ ವರ್ಷ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಎಲ್ಲಕ್ಕೂ ತಾಳು ತಾಳು ಎನ್ನುತ್ತಿದ್ದವರು ಅದಕ್ಕೊಂದು ತಾಳಲಿಲ್ಲ. ಮಾಲೆ ಹಾಕಲು ಒಂದು ಪಟ ಹುಡುಕಿದರೆ, ನಮ್ಮ ಮದುವೆಯ ದಿನದ ಮಂಕಾದ ಫೋಟೋ ಬಿಟ್ಟು ಬೇರೇನೂ ಇಲ್ಲ. ಕಣಿವೆಯ ನಾಯಿಗಳನ್ನೂ ಬಿಡದೆ ತೆಗೆದ ಮನುಷ್ಯ ತಾನು ಎಲ್ಲೂ ಇಲ್ಲ. ನಮ್ಮ ಮಗಳು ಗೂಡಲೂರಿಗೆ ಹೋಗಿ ಆ ಕ್ಯಾಸೆಟ್ಟನ್ನು ಕೇಳಿ ತಂದು, ಕಂಪ್ಯೂಟರಿಗೆ ಹಾಕಿಸಿ ತೋರಿಸಿದಳು.

ಇದ್ದಾರೆ. ಬೆವರಿದ ಹಣೆ, ಮಡಚಿ ಕಟ್ಟಿದ ವೇಷ್ಟಿ. ನಡೆದು ಬಂದು ಮೊಣಕಾಲೂರುತ್ತಾರೆ. ತಲೆಯೆತ್ತಿ ನನ್ನನ್ನು ನೋಡುತ್ತಾರೆ. ಕ್ಯಾಮೆರಾ ನಿಲ್ಸು ಎನ್ನುತ್ತಾರೆ. ನಾನು ಕಾರು ಎನ್ನುತ್ತೇನೆ. ಕಾರು ನಮ್ದು, ತಾಳಿ ಅವ್ರ್ದು ಎನ್ನುವಾಗ ಆ ಮುಖ ಎಷ್ಟು ಚೆಂದವಿದೆ! ಅವತ್ತು ಸಿಟ್ಟಿನಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಮರುಕ್ಷಣ ನಾನು ಗುಂಡಿ ಒತ್ತಿದ ಕತ್ತಲೆ. ಆಮೇಲೆ ತಾಳಿ.

ಆ ಮನುಷ್ಯ ಹೇಳಿದ ಒಂದು ಮಾತನ್ನೂ ಕೇಳದವಳು ನಾನು. ಅವತ್ತೊಂದು ದಿನ ಯಾಕೆ ಕೇಳಿದೆನೋ.