ಅಶ್ವತ್ಥಪ್ಪನ ಹೊಗೆಕೋಳಿ

ಹೊಸೂರಿನ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸೊಟ್ಟಗಿರುವ ಬೋಲ್ಟನ್ನೂ ಪಕ್ಕಕ್ಕೆಸೆಯುವ ಕ್ವಾಲಿಟಿ ಇನ್‌ಸ್ಪೆಕ್ಟರ್ ಅಶ್ವತ್ಥಪ್ಪ, ಭಾನುವಾರ ಬಂತೆಂದರೆ ಹಿತ್ತಲಿನ ದಂಡನಾಯಕನಾಗುತ್ತಾನೆ. ಎಣ್ಣೆ ಡ್ರಮ್ಮು ಕೊಯ್ದು ತಾನೇ ಮಾಡಿದ ಒಲೆಗೆ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ ಸುರಿದು, ರಾಯಕೋಟೆ ಸಂತೆಯ ನಾಟಿ ಹುಂಜವನ್ನು ಹೊಗೆಯಲ್ಲೇ ಬೇಯಲೆಂದು ಇಡಿಯಾಗಿ ಒಳಗೆ ಪಟ್ಟಕ್ಕೇರಿಸಿ, ಊಟಕ್ಕೆ ಕರೆದ ನೆರೆಯವರಿಗೆ, "ಮುಚ್ಚಳ ಮುಟ್ಬ್ಯಾಡ್ರಲಾ, ಹೊಗೆ ಕೆಲ್ಸ ಮಾಡ್ತಾ ಅದೆ" ಎಂದು ಅಪ್ಪಣೆ ಕೊಡಿಸುತ್ತಾನೆ. ಬೀದಿಯೆಲ್ಲ ಕೆಮ್ಮುತ್ತದೆ. ಹುಂಜ ಮಾತ್ರ ಹೊರಗೆ ಕರ್ರಗಾಗಿ, ಒಳಗೆ ಹಸಿಯಾಗಿ ಉಳಿಯುತ್ತದೆ. ಯಾವ ವಾರವೂ ಅದು ಶರಣಾಗಿಲ್ಲ. "ಇವತ್ತು ಗಾಳಿ ಸರಿಯಿಲ್ಲ" ಎನ್ನುವಾಗ ಅವನ ಕಿವಿ ಕೆಂಪಾಗುತ್ತದೆ. ಹೆಂಡತಿ ರಾಮಲಕ್ಷ್ಮಮ್ಮ ಅದನ್ನು ಒಳಗೊಯ್ದು, ತುಂಡು ಮಾಡಿ, ಸಾರು ಕುದಿಸಿ ಮುದ್ದೆಯ ಜೊತೆ ಬಡಿಸುತ್ತಾಳೆ. ಪಕ್ಕದ ಮನೆಯ ಭೈರೇಶ್ ಬೆರಳು ನೆಕ್ಕುತ್ತ, "ಹೊಗೆ ರುಚಿನೇ ಬ್ಯಾರೆ ಕಣಣ್ಣೋ" ಎಂದರೆ ಅಶ್ವತ್ಥಪ್ಪ ಹೇಗೋ ಮಾನ ಉಳಿಯಿತೆಂದು ಮೀಸೆ ತಿರುವುತ್ತಾನೆ. ಈ ಭಾನುವಾರ ಬೆಂಕಿಪೊಟ್ಟಣ ಹುಡುಕುತ್ತ ಅಡುಗೆಮನೆಗೆ ಹೋದವನು ಅಲ್ಲಿದ್ದ ಪಾತ್ರೆಯ ಮುಚ್ಚಳ ಎತ್ತಿದ. ಸಾರಿನ ಮಸಾಲೆ ಆಗಲೇ ರುಬ್ಬಿಟ್ಟಾಗಿತ್ತು. ಅವನು ಸೋಲುವುದು ಅವಳಿಗೆ ಪ್ರತಿ ವಾರವೂ ಮೊದಲೇ ಗೊತ್ತಿತ್ತು. ಸದ್ದಾಗದಂತೆ ಮುಚ್ಚಳ ಮುಚ್ಚಿ, ಹಿತ್ತಲಿಗೆ ಬಂದು ಡ್ರಮ್ಮಿನೊಳಗೆ ತಲೆ ಹಾಕಿ, ಕೊಂಚ ಹೊತ್ತಿಗೆ ಈಚೆ ತೆಗೆದ. "ಯಾಕಣ್ಣ, ಕಣ್ಣಲ್ಲಿ ನೀರು?" ಎಂದ ಗೋಡೆಯಾಚೆಯಿಂದ ಭೈರೇಶ್. "ಹೊಗೆ ಕಣ್ಲಾ" ಎಂದ ಅಶ್ವತ್ಥಪ್ಪ. ಒಲೆಯನ್ನು ಇನ್ನೂ ಹಚ್ಚಿರಲಿಲ್ಲ.